ಗುಲಗಂಜಿ ಹುಳು ಬೆಳೆ ತಿನ್ನುತ್ತದೆಯೇ? ಮನೆಗೆ ಬಂದರೆ ಅಪಾಯವೇ?

ಗುಂಡಗುರ್ತಿ, ಚಿತ್ತಾಪುರ, ಸೇಡಂ ಕಡೆ ಹಿಂಗಾರಿನ ಕುಸುಬಿ, ಜೋಳದ ಹೊಲದಲ್ಲಿ ಕಾಣುವ ಕೆಂಪು ಬೆನ್ನು, ಕರಿ ಚುಕ್ಕಿಯ ಹುಳುವಿನ ಫೋಟೊ ಹಾಕಿ, ‘ಎಲೆ ತಿನ್ನುವ ಕೀಟ, ಕೂಡಲೇ ಔಷಧಿ ಹೊಡೆಯಿರಿ’ ಎಂದು ಯಾರಾದರೂ ಕಳಿಸಿದರೆ, ಫಾರ್ವರ್ಡ್ ಮಾಡುವ ಮೊದಲು ಇದನ್ನು ಓದಿ.

ಗುಲಗಂಜಿ ಹುಳು ತಿನ್ನುವುದು ಎಲೆಯನ್ನಲ್ಲ, ಎಲೆಯ ರಸ ಹೀರುವ ಹೇನನ್ನು. ಕುಸುಬಿ ಕುಡಿಗೆ ಮುತ್ತುವ ಕರಿ ಹೇನು ಇದರ ಊಟ. ಇದರ ಮರಿಯೂ ಹೇನು ತಿನ್ನುತ್ತದೆ. ಆದರೆ ಪುಟ್ಟ ಮೊಸಳೆಯಂತಿರುವ ಅದನ್ನು ಗುರುತಿಸುವವರು ಕಡಿಮೆ, ಹೊಸಕಿ ಹಾಕುವವರೇ ಹೆಚ್ಚು. ಹೇನಿಗೆಂದು ಹೊಡೆದ ಔಷಧಿಗೆ ಇದೂ ಸಾಯುತ್ತದೆ. ಆಮೇಲೆ ಹೇನು ಬೇಗ ಹೆಚ್ಚುತ್ತದೆ, ಗುಲಗಂಜಿ ಅಷ್ಟು ಬೇಗ ಹೆಚ್ಚುವುದಿಲ್ಲ. 1898ರಲ್ಲಿ ಕಾಫಿ ಗಿಡದ ಕೀಟ ತಡೆಯಲು ಇದರ ಒಂದು ಜಾತಿಯನ್ನು ಆಸ್ಟ್ರೇಲಿಯಾದಿಂದ ಭಾರತಕ್ಕೆ ತರಿಸಿದ್ದರು. ನಮ್ಮ ಹೊಲಕ್ಕೆ ಪುಕ್ಕಟೆ ಬಂದಿದೆ!

ಹಾಗಂತ ಆ ಮಾತು ಪೂರ್ತಿ ಸುಳ್ಳೂ ಅಲ್ಲ. ಬದನೆ ಎಲೆಯನ್ನು ಕೆರೆದು ಜಾಲರಿ ಮಾಡುವ ದಾಯಾದಿ ಒಂದಿದೆ. ಅದಕ್ಕೆ ಸಾಮಾನ್ಯವಾಗಿ 28 ಚುಕ್ಕಿ, ಬೆನ್ನು ಮಂಕು, ಮೇಲೆ ಸಣ್ಣ ರೋಮ. ಹೇನು ತಿನ್ನುವ ಹುಳುವಿನ ಬೆನ್ನು ನುಣುಪಾಗಿ ಹೊಳೆಯುತ್ತದೆ. (ಚುಕ್ಕಿ ಎಣಿಸಿ ವಯಸ್ಸು ಹೇಳಬೇಡಿ, ಚುಕ್ಕಿ ಹುಳುವಿನ ಜಾತಿಗೆ ಸಂಬಂಧಿಸಿದ್ದು.)

ಚಳಿಗಾಲದಲ್ಲಿ ಸಾವಿರಗಟ್ಟಲೆ ಮನೆಯೊಳಗೆ ನುಗ್ಗುವ ಕಾಟ ಅಮೆರಿಕ, ಯುರೋಪಿನದು. ನಮ್ಮಲ್ಲಿ ದೀಪದ ಬೆಳಕಿಗೆ ಒಂದೆರಡು ಬರಬಹುದು. ಒತ್ತಿದರೆ ಕಾಲಿನ ಕೀಲಿನಿಂದ ಹಳದಿ ರಸ ಬಿಡುತ್ತದೆ, ಕೆಟ್ಟ ವಾಸನೆ, ಗೋಡೆಗೆ ಕಲೆ. ಆ ರಸದಿಂದ ಮನುಷ್ಯರು ಸಾಯುವುದಿಲ್ಲ. ಕಾಗದದ ಮೇಲೆ ಹತ್ತಿಸಿಕೊಂಡು ಹಿತ್ತಲಿಗೆ ಬಿಡಿ.