ಅಜ್ಜಿಯ ಎದೆಯೊಳಗೆ ಬರ್ನೌಲಿ

‘ಈ ಸೂತ್ರಗಳನ್ನೆಲ್ಲ ಬಾಯಿಪಾಠ ಮಾಡಿ ಮುಂದೆ ಏನ್ ಮಾಡೋದು ಮಗಾ?’

ಫ್ಲೂಯಿಡ್ ಮೆಕ್ಯಾನಿಕ್ಸ್ ಇಂಟರ್ನಲ್ಸ್ ಹಿಂದಿನ ರಾತ್ರಿ ಹಾಸ್ಟೆಲಿನಲ್ಲಿ ನಾವೆಲ್ಲ ಕೇಳಿಕೊಳ್ಳುವ ಪ್ರಶ್ನೆ ಇದು. ನನಗೆ ಉತ್ತರ ಸಿಕ್ಕಿದ್ದು ಕ್ಲಾಸಿನಲ್ಲಲ್ಲ, ಆಸ್ಪತ್ರೆಯ ಎಕೋ ಕೋಣೆಯಲ್ಲಿ.

ನನ್ನ ಅಜ್ಜಿಗೆ 68 ವರ್ಷ. ಕಳೆದ ಬೇಸಿಗೆಯಲ್ಲಿ ಮಹಡಿ ಹತ್ತುವಾಗ ನಡುವೆ ಮೆಟ್ಟಿಲ ಮೇಲೆ ಕೂರತೊಡಗಿದರು. ಕೇಳಿದರೆ, ‘ವಯಸ್ಸಾಯ್ತಲ್ಲಪ್ಪ, ಏದುಸಿರು ಬರದೇ ಇರುತ್ತಾ?’ ಎಂಬ ಉತ್ತರ. ಒಂದು ಬೆಳಿಗ್ಗೆ ಕಣ್ಣು ಕತ್ತಲೆ ಬಂದು ಬಚ್ಚಲ ಬಾಗಿಲಲ್ಲೇ ಕುಸಿದರು. ಬಿಪಿ ನೋಡಿದರೆ 120. ‘ಎಲ್ಲ ಸರಿಯಾಗಿಯೇ ಇದೆಯಲ್ಲ’ ಎಂದು ಅಪ್ಪ ಸಮಾಧಾನಪಟ್ಟುಕೊಂಡರು.

ಹೃದ್ರೋಗ ತಜ್ಞರು ಸ್ಟೆತಾಸ್ಕೋಪ್ ಇಟ್ಟವರೇ ಎಕೋ ಮಾಡಿಸಲು ಹೇಳಿದರು. ಹೃದಯದಿಂದ ಇಡೀ ದೇಹಕ್ಕೆ ರಕ್ತ ಹೋಗುವ ಬಾಗಿಲು, ಅಂದರೆ ಮಹಾಪಧಮನಿಯ ಕವಾಟ, ಗಡುಸಾಗಿ ಕಿರಿದಾಗಿತ್ತು. ಪರದೆಯ ಮೇಲೆ ರಕ್ತದ ವೇಗ ಸೆಕೆಂಡಿಗೆ 4.2 ಮೀಟರ್. ಸಾಮಾನ್ಯವಾಗಿ ಅದು 1 ಮೀಟರಿನ ಆಸುಪಾಸು ಇರಬೇಕಂತೆ.

ಡಾಕ್ಟರ್ ನನ್ನತ್ತ ತಿರುಗಿ, ‘ಏನು ಓದ್ತಾ ಇದ್ದೀಯಪ್ಪಾ?’ ಎಂದರು.

‘ಮೆಕ್ಯಾನಿಕಲ್ ಸರ್, ನಾಲ್ಕನೇ ಸೆಮ್.’

‘ಹಾಗಾದ್ರೆ ನೀನೇ ಹೇಳು. ಬರ್ನೌಲಿ ಓದಿದ್ದೀಯಲ್ಲ?’

ಓದಿದ್ದೆ. ಹತ್ತು ಮಾರ್ಕಿಗೆ ಬರೆದೂ ಇದ್ದೆ. ಬಾಯಿ ಮಾತ್ರ ಬರಲಿಲ್ಲ.

ಅವರೇ ಚೀಟಿಯ ಹಿಂದೆ ಬರೆದರು: ವೇಗದ ವರ್ಗವನ್ನು 4ರಿಂದ ಗುಣಿಸು. 4.2ರ ವರ್ಗ 17.64, ಗುಣಿಸಿದರೆ ಸುಮಾರು 70. ಕವಾಟದ ಆಚೆ ಈಚೆ 70 ಮಿಲಿಮೀಟರ್ ಪಾದರಸದಷ್ಟು ಒತ್ತಡದ ವ್ಯತ್ಯಾಸ! ಕೈಯಲ್ಲಿ 120 ತೋರಿಸಲು ಅಜ್ಜಿಯ ಹೃದಯ ಒಳಗೆ ಅದಕ್ಕಿಂತ ಎಷ್ಟೋ ಹೆಚ್ಚು ಒತ್ತಡ ಹಾಕುತ್ತಿತ್ತು. ಅಪ್ಪನ ಮುಖ ಸಣ್ಣಗಾಯಿತು.

ಆಮೇಲೆ ಕವಾಟದ ವಿಸ್ತೀರ್ಣ. ಗಿಡಕ್ಕೆ ನೀರು ಹಾಕುವಾಗ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿದರೆ ನೀರು ಜೋರಾಗಿ ಚಿಮ್ಮುತ್ತದಲ್ಲ, ಅದೇ ಲೆಕ್ಕ. ಕವಾಟಕ್ಕೆ ಮುಂಚಿನ ದಾರಿಯ ವ್ಯಾಸ 2 ಸೆಂ.ಮೀ., ಅಂದರೆ ವಿಸ್ತೀರ್ಣ 3.14 ಚದರ ಸೆಂ.ಮೀ. ಅಲ್ಲಿನ ವೇಗ 1 ಮೀಟರ್, ಕವಾಟದಲ್ಲಿ 4.2 ಮೀಟರ್. ಭಾಗಿಸಿದರೆ ಕವಾಟ ತೆರೆಯುತ್ತಿದ್ದುದು ಬರೀ 0.75 ಚದರ ಸೆಂ.ಮೀ. ಆರೋಗ್ಯವಂತರಲ್ಲಿ ಅದು 3ರಿಂದ 4 ಇರುತ್ತದೆ. 1ಕ್ಕಿಂತ ಕಡಿಮೆಯಾದರೆ ತೀವ್ರ ಎಂದೇ ಅರ್ಥ.

ಆ ವ್ಯಾಸವನ್ನು ಅವರು ಮತ್ತೆ ಮತ್ತೆ ಅಳೆದರು. ಯಾಕೆಂದು ನನಗೆ ಆಮೇಲೆ ಹೊಳೆಯಿತು. ವ್ಯಾಸಕ್ಕೆ ವರ್ಗ ಬೀಳುತ್ತದೆ. 2ರ ಬದಲು 2.4 ಎಂದು ಅಳೆದಿದ್ದರೆ ಉತ್ತರ 1.08 ಆಗಿಬಿಡುತ್ತಿತ್ತು! ಲ್ಯಾಬಿನಲ್ಲಿ ರೀಡಿಂಗ್ ತಪ್ಪಿದರೆ ನಾವು ಪಕ್ಕದವನದ್ದು ನೋಡಿ ಬರೆದುಕೊಳ್ಳುತ್ತೇವೆ. ಇಲ್ಲಿ ಮೇಜಿನ ಮೇಲೆ ಮಲಗಿದ್ದವರು ನನ್ನ ಅಜ್ಜಿ.

‘ಬರೀ ಅಂಕಿ ನೋಡಿ ಆಪರೇಷನ್ ಮಾಡೋದಿಲ್ಲ. ಏದುಸಿರು, ತಲೆಸುತ್ತು ಎರಡೂ ಇವೆಯಲ್ಲ, ಲೆಕ್ಕ ಅದಕ್ಕೆ ಹೊಂದಿಕೆಯಾಗ್ತಿದೆ’ ಎಂದರು ಡಾಕ್ಟರ್.

ಆ ರಾತ್ರಿ ಕಾರಿಡಾರಿನ ಬೆಂಚಿನ ಮೇಲೆ ಕುಳಿತು, ಆ 4 ಎಲ್ಲಿಂದ ಬಂತೆಂದು ಹುಡುಕಿದೆ. ರಕ್ತದ ಸಾಂದ್ರತೆ 1060, ಅದರ ಅರ್ಧ 530. ಪ್ಯಾಸ್ಕಲನ್ನು ಪಾದರಸದ ಅಳತೆಗೆ ತರಲು 133.3ರಿಂದ ಭಾಗಿಸಿದರೆ 3.98. ಹೆಚ್ಚೂಕಡಿಮೆ 4! ಬಾಯಿಪಾಠ ಮಾಡದೆ ನಾನು ತಲುಪಿದ ಮೊದಲ ಸೂತ್ರ ಅದು.

ಹಿಂದೆಲ್ಲ ಈ ಒತ್ತಡ ತಿಳಿಯಲು ಹೃದಯದೊಳಕ್ಕೇ ಸಣ್ಣ ನಳಿಕೆ ತೂರಿಸಬೇಕಿತ್ತು. 1970ರ ದಶಕದಲ್ಲಿ ನಾರ್ವೆಯ ಹೃದ್ರೋಗ ತಜ್ಞೆ ಲಿವ್ ಹ್ಯಾಟ್ಲೆ, ಎಂಜಿನಿಯರ್ ಆಂಗೆಲ್ಸೆನ್ ಜೊತೆ ಸೇರಿ, ಶಬ್ದದ ಅಲೆಗಳಿಂದ ವೇಗ ಅಳೆದು ಒತ್ತಡ ಕಂಡುಕೊಳ್ಳುವ ಈ ದಾರಿಯನ್ನು ಬೆಳೆಸಿದರು. ಇನ್ನೊಂದು ವಿಷಯ ಗೊತ್ತಾ? 1738ರಲ್ಲಿ ‘ಹೈಡ್ರೊಡೈನಮಿಕಾ’ ಪ್ರಕಟಿಸಿದ ಡೇನಿಯಲ್ ಬರ್ನೌಲಿ ಓದಿದ್ದೇ ವೈದ್ಯಕೀಯ!

ಅಜ್ಜಿಗೆ ಕವಾಟ ಬದಲಾಯಿಸಿ ಐದು ತಿಂಗಳಾಯಿತು. ಮೊನ್ನೆ ಊರಿಗೆ ಹೋದಾಗ ಹಪ್ಪಳ ಒಣಗಿಸಲು ಮಹಡಿ ಹತ್ತಿದರು. ನಾನು ಹಿಂದೆಯೇ ಹೋದೆ. ನಡುವೆ ಎಲ್ಲೂ ಕೂರಲಿಲ್ಲ.

‘ಏನೋ, ಹಿಂದೆ ಹಿಂದೆ ಬರ್ತೀಯಾ? ಓದೋದಿಲ್ವಾ ನಿಂಗೆ?’ ಎಂದು ಗದರಿದರು.

ಓದುತ್ತಿದ್ದೇನೆ ಅಜ್ಜಿ. ಈಗ ಸ್ವಲ್ಪ ಅರ್ಥ ಮಾಡಿಕೊಂಡು.