ಮಗುವಿನ ಮಾತಿಗೆ ಕಿವಿಯಾಗುವ ಕಾಯಕ

ಅನ್ನ, ಅಕ್ಷರ, ಆಶ್ರಯಗಳ ತ್ರಿವಿಧ ದಾಸೋಹವು ನಮ್ಮ ಸಮಾಜದ ಹೆಮ್ಮೆ. ನಾಡಿನ ಮಠಗಳ ಉಚಿತ ಪ್ರಸಾದ ನಿಲಯಗಳಲ್ಲಿ ಉಂಡು, ಓದಿ, ಬಾಳನ್ನು ಕಟ್ಟಿಕೊಂಡವರು ಅಸಂಖ್ಯಾತರು. ಮಠದ ಪ್ರಸಾದದಿಂದಲೇ ಬೆಳೆದ ನಾವು ಆ ಋಣವನ್ನು ಮರೆಯುವಂತಿಲ್ಲ. ಆ ಋಣವೇ ಒಂದು ಅಹಿತಕರವಾದ ವಿಷಯವನ್ನು ಇಂದು ಓದುಗ ಶರಣರ ಮುಂದಿಡುವಂತೆ ನಮ್ಮನ್ನು ಪ್ರೇರಿಸಿದೆ. ಹೆತ್ತವರಿಂದ ದೂರವಾಗಿ ನಿಲಯವೊಂದರಲ್ಲಿ ಬೆಳೆಯುವ ಮಗುವಿಗೆ, ಆಸರೆ ಕೊಟ್ಟ ಕೈಗಳಿಂದಲೇ ಹಿಂಸೆಯಾದರೆ ಅದನ್ನು ಕಂಡುಹಿಡಿಯುವ ಬಗೆ ಎಂತು? ಆ ಕಾರ್ಯಕ್ಕೆ ನಿಯುಕ್ತನಾದ ತನಿಖೆದಾರನು ಏನನ್ನು ನೋಡಬೇಕು, ಯಾರನ್ನು ಕೇಳಬೇಕು?

ಈ ಪ್ರಶ್ನೆಗೆ ದೀರ್ಘಕಾಲ ಉತ್ತರವನ್ನು ಹುಡುಕಿದ ದೇಶಗಳಲ್ಲಿ ಐರ್ಲೆಂಡ್ ಒಂದು. ಅಲ್ಲಿನ ವೃತ್ತಾಂತವು ದೂರದ್ದಾದರೂ ನಮಗೆ ಪರಕೀಯವಲ್ಲ. ಅದೂ ಧರ್ಮಶ್ರದ್ಧೆಯ ನಾಡು. ಬಡ ಮತ್ತು ಅನಾಥ ಮಕ್ಕಳನ್ನು ಇರಿಸುತ್ತಿದ್ದ ಅಲ್ಲಿನ ಔದ್ಯೋಗಿಕ ಶಾಲೆಗಳನ್ನು ಬಹುಮಟ್ಟಿಗೆ ನಡೆಸಿದವರು ಕ್ರೈಸ್ತ ಸಂನ್ಯಾಸಿ ಮತ್ತು ಸಂನ್ಯಾಸಿನಿಯರ ಸಂಘಗಳು. ಸರ್ಕಾರವು ತಲೆಯೆಣಿಕೆಯ ಮೇಲೆ ಅನುದಾನ ಕೊಡುತ್ತಿತ್ತು. ಜನರು ಗೌರವದಿಂದ ತಲೆಬಾಗುತ್ತಿದ್ದರು. 1999ರಲ್ಲಿ ಪತ್ರಕರ್ತೆ ಮೇರಿ ರಾಫ್ಟರಿಯವರ ಸಾಕ್ಷ್ಯಚಿತ್ರವು ದೂರದರ್ಶನದಲ್ಲಿ ಪ್ರಸಾರವಾದಾಗ ಆ ನಾಡು ಬೆಚ್ಚಿಬಿದ್ದಿತು. ಅದೇ ವರ್ಷದ ಮೇ 11ರಂದು ಪ್ರಧಾನಿ ಬರ್ಟಿ ಅಹರ್ನ್ ಅವರು ಆ ನಿಲಯಗಳಲ್ಲಿ ನೊಂದವರ ಕ್ಷಮೆ ಯಾಚಿಸಿದರು. ಅನಂತರ ರಚಿತವಾದ ವಿಚಾರಣಾ ಆಯೋಗವು ಮೊದಲು ನ್ಯಾಯಮೂರ್ತಿ ಮೇರಿ ಲಫಾಯ್, ತರುವಾಯ ನ್ಯಾಯಮೂರ್ತಿ ಶಾನ್ ರಾಯನ್ ಅವರ ಅಧ್ಯಕ್ಷತೆಯಲ್ಲಿ ನಡೆದು, 2009ರ ಮೇ 20ರಂದು ಐದು ಸಂಪುಟಗಳ ವರದಿಯನ್ನು ಹೊರತಂದಿತು.

ಆ ವರದಿಯಲ್ಲಿ ಕ್ರೌರ್ಯದ ವಿವರಗಳು ಹೇರಳವಾಗಿವೆ. ಅವನ್ನು ಇಲ್ಲಿ ಬಣ್ಣಿಸುವುದು ನಮಗೆ ಇಷ್ಟವಿಲ್ಲ. ನಮ್ಮನ್ನು ಕಾಡಿದ ಸಂಗತಿ ಬೇರೊಂದು. ಆ ನಿಲಯಗಳಿಗೆ ತಪಾಸಣೆಯೇ ಇರಲಿಲ್ಲವೆಂದಲ್ಲ, ಇತ್ತು. ಸರ್ಕಾರದ ತಪಾಸಣಾಧಿಕಾರಿಯು ಬಂದು ಹೋಗುತ್ತಿದ್ದುದುಂಟು. ಆದರೆ ಐವತ್ತಕ್ಕೂ ಹೆಚ್ಚು ಶಾಲೆಗಳ ಭಾರ ಒಬ್ಬರ ಹೆಗಲ ಮೇಲಿತ್ತು. ಬರುವ ಸುದ್ದಿ ಮುಂಚಿತವಾಗಿಯೇ ಮುಟ್ಟುತ್ತಿತ್ತು. ಊಟ, ಬಟ್ಟೆ, ಹಾಸಿಗೆಗಳ ಪರಿಶೀಲನೆ ನಡೆಯುತ್ತಿತ್ತು. ಮಗುವಿನ ಮನಸ್ಸು ಪರಿಶೀಲನೆಯ ಪಟ್ಟಿಯಲ್ಲಿರಲಿಲ್ಲ. ಕೊಟ್ಟ ಶಿಕ್ಷೆಗಳನ್ನು ಬರೆದಿಡಬೇಕೆಂಬ ನಿಯಮವಿದ್ದರೂ ಆ ಪುಸ್ತಕವನ್ನು ತರಿಸಿ ನೋಡುವ ಎಚ್ಚರ ಇರಲಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಅಧಿಕಾರಿಯು ಮಕ್ಕಳೊಡನೆ ಮಾತನಾಡುತ್ತಿದ್ದುದೇ ಅಪರೂಪ. ನಿಲಯದಿಂದ ಓಡಿಹೋದ ಮಗುವನ್ನು ಹಿಡಿದು ತಂದು ಹೊಡೆದರೇ ಹೊರತು, ಏಕೆ ಓಡಿಹೋದೆ ಎಂದು ವಿಚಾರಿಸಿದವರಿಲ್ಲ. ದುಷ್ಕೃತ್ಯ ಎಸಗಿದವನೆಂದು ತಿಳಿದ ಮೇಲೂ ಅವನನ್ನು ಮತ್ತೊಂದು ಊರಿಗೆ ವರ್ಗಾಯಿಸಿ ಸಂಘದ ಮರ್ಯಾದೆಯನ್ನು ಕಾಪಾಡಿಕೊಂಡರು. ಅಲ್ಲಿಯೂ ಮಕ್ಕಳಿದ್ದರೆಂಬುದನ್ನು ಯಾರೂ ಎಣಿಸಲಿಲ್ಲ.

ಅಂದು ಯಾರೂ ಕೇಳದಿದ್ದ ಮಾತನ್ನು ಆಯೋಗವು ಹಲವು ದಶಕಗಳ ಬಳಿಕ ಕೇಳಿತು. ಅದರ ಗೋಪ್ಯ ಸಮಿತಿಯ ಮುಂದೆ 1,090 ಜನರು ತಮ್ಮ ಬಾಲ್ಯವನ್ನು ಹೇಳಿಕೊಂಡರು. ಅಲ್ಲಿ ಪಾಟೀಸವಾಲು ಇರಲಿಲ್ಲ. ಅವರಲ್ಲಿ ಎಷ್ಟೋ ಮಂದಿ ತಲೆ ನರೆತವರು. ನಿಲಯದಲ್ಲಿ ಯಾರೋ ಒಮ್ಮೆ ಆಡಿದ ಒಂದು ಕನಿಕರದ ನುಡಿಯನ್ನು ಅರವತ್ತು, ಎಪ್ಪತ್ತರ ವಯಸ್ಸಿನವರೂ ಜತನದಿಂದ ನೆನಪಿಟ್ಟುಕೊಂಡಿದ್ದರು. ಒಂದು ಒಳ್ಳೆಯ ಮಾತು ಬಾಳಿನುದ್ದಕ್ಕೂ ಉಳಿಯುವುದಾದರೆ, ಅಂದಿನ ಏಟು ಎಷ್ಟು ಆಳಕ್ಕೆ ಇಳಿದಿರಬೇಕು!

ನಮ್ಮ ದೇಶವೂ ಇಂತಹ ಪಾಠವನ್ನು ಕಲಿತಿದೆ. ಬಿಹಾರ ಸರ್ಕಾರವು ತನ್ನ ಆಶ್ರಯ ನಿಲಯಗಳ ಸಾಮಾಜಿಕ ಪರಿಶೋಧನೆಯನ್ನು ಟಾಟಾ ಸಮಾಜವಿಜ್ಞಾನ ಸಂಸ್ಥೆಯ ‘ಕೋಶಿಶ್’ ತಂಡಕ್ಕೆ ಒಪ್ಪಿಸಿತ್ತು. ಆ ತಂಡದವರು ಕಟ್ಟಡವನ್ನೂ ಕಡತವನ್ನೂ ನೋಡಿ ಹಿಂದಿರುಗಲಿಲ್ಲ. ನಿಲಯದ ವಾಸಿಗಳೊಡನೆ ಕುಳಿತು ಮಾತನಾಡಿದರು. 2018ರಲ್ಲಿ ಅವರು ಕೊಟ್ಟ ವರದಿಯು 17 ಸಂಸ್ಥೆಗಳ ಸ್ಥಿತಿಯನ್ನು ಅತ್ಯಂತ ಕಳವಳಕಾರಿಯೆಂದು ಗುರುತಿಸಿತು. ಮುಜಫ್ಫರಪುರದ ಬಾಲಿಕಾಗೃಹದಲ್ಲಿ ನಡೆದ ಘೋರ ಕೃತ್ಯಗಳು ಬೆಳಕಿಗೆ ಬಂದುದು ಅದರಿಂದಲೇ. ಸರ್ವೋಚ್ಚ ನ್ಯಾಯಾಲಯವು ಮೊಕದ್ದಮೆಯನ್ನು ದೆಹಲಿಗೆ ವರ್ಗಾಯಿಸಿತು. 2020ರ ಜನವರಿಯಲ್ಲಿ 19 ಮಂದಿ ದೋಷಿಗಳೆಂದು ತೀರ್ಪಾಯಿತು. ಸರ್ಕಾರದ ಹಣದಿಂದಲೇ ನಡೆಯುತ್ತಿದ್ದ ನಿಲಯದ ಸತ್ಯವು, ಮಕ್ಕಳನ್ನು ಮಾತನಾಡಿಸಿದಾಗ ಹೊರಬಿದ್ದಿತು.

ಹೀಗಿರುವಾಗ ತನಿಖೆದಾರನ ಕಾಯಕದ ಸ್ವರೂಪವೇನು? ಮೊದಲನೆಯದು, ಹೇಳದೆ ಹೋಗುವುದು. ಎರಡನೆಯದು, ಮಗುವನ್ನು ಮೇಲ್ವಿಚಾರಕರ ಕಣ್ಣಿನಿಂದ ದೂರ ಕುಳ್ಳಿರಿಸಿ ಮಾತನಾಡಿಸುವುದು. ಉತ್ತರವನ್ನು ಒಳಗೊಂಡ ಪ್ರಶ್ನೆಯನ್ನು ಕೇಳಲಾಗದು. ‘ಇಷ್ಟು ದಿನ ಏಕೆ ಹೇಳಲಿಲ್ಲ’ ಎಂದಂತೂ ಕೇಳಲೇಬಾರದು, ಅದು ನೊಂದ ಮಗುವಿನ ಮೇಲೆಯೇ ತಪ್ಪು ಹೊರಿಸುವ ಮಾತು. ಮಗು ಆಡಿದ ನುಡಿಯನ್ನು ಅದರದೇ ಶಬ್ದಗಳಲ್ಲಿ ಬರೆದುಕೊಳ್ಳಬೇಕು. ಹತ್ತು ಜನರ ಮುಂದೆ ಹತ್ತು ಸಲ ಹೇಳಿಸಬಾರದು. ಯಾರಿಗೂ ಹೇಳುವುದಿಲ್ಲವೆಂಬ ಭಾಷೆ ಕೊಡಬಾರದು, ಏಕೆಂದರೆ ರಕ್ಷಣೆಗಾಗಿ ಹೇಳಬೇಕಾದವರಿಗೆ ಹೇಳಲೇಬೇಕಾಗುತ್ತದೆ. ಮೂರನೆಯದು, ಮಗುವಿನ ಮಾತಿನೊಡನೆ ದಾಖಲೆಗಳನ್ನು ಹೋಲಿಸುವುದು: ರಾತ್ರಿಯ ಪಾಳಿ ಯಾರದು, ಕೋಣೆಯ ಬೀಗದ ಕೈ ಯಾರ ಬಳಿ ಇರುತ್ತದೆ, ಔಷಧದ ಪುಸ್ತಕ ಏನು ಹೇಳುತ್ತದೆ, ನಿಲಯ ಬಿಟ್ಟುಹೋದ ಮಕ್ಕಳೆಷ್ಟು. ಹೀಗೆ ಹೋಲಿಸುವುದು ಆಪಾದಿತನಿಗೂ ನ್ಯಾಯವೇ. ನಿರಪರಾಧಿಯ ಮೇಲಿನ ಸಂದೇಹವೂ ಇದರಿಂದಲೇ ಕಳೆಯುವುದು.

ನಮ್ಮ ಕಾನೂನು ಇದಕ್ಕೆ ಅನುವು ಮಾಡಿಕೊಟ್ಟಿದೆ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ, ಪಾಲನಾ ಸಂಸ್ಥೆಗಳನ್ನು ಕನಿಷ್ಠ ಮೂವರ ತಪಾಸಣಾ ತಂಡವು ಮೂರು ತಿಂಗಳಿಗೊಮ್ಮೆಯಾದರೂ ನೋಡಬೇಕು. ಅವರಲ್ಲಿ ಮಹಿಳೆಯೊಬ್ಬರೂ ವೈದ್ಯಾಧಿಕಾರಿಯೊಬ್ಬರೂ ಇರಬೇಕು. 2012ರ ಪೋಕ್ಸೊ ಕಾಯ್ದೆಯು, ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲಿ ಅಥವಾ ಅದು ಬಯಸಿದ ಸ್ಥಳದಲ್ಲಿ, ಸಮವಸ್ತ್ರ ಧರಿಸದೆ ಪಡೆಯಬೇಕೆನ್ನುತ್ತದೆ. ಲೈಂಗಿಕ ದೌರ್ಜನ್ಯವನ್ನು ತಿಳಿದೂ ಪೊಲೀಸರಿಗೆ ತಿಳಿಸದಿರುವುದು ಅಪರಾಧ. ಸಂಸ್ಥೆಯ ಮುಖ್ಯಸ್ಥನು ಹಾಗೆ ಮುಚ್ಚಿಟ್ಟರೆ ಒಂದು ವರ್ಷದವರೆಗೆ ಸೆರೆವಾಸ ಉಂಟು. ‘ನಮ್ಮೊಳಗೇ ಬಗೆಹರಿಸಿಕೊಳ್ಳೋಣ’ ಎಂಬ ಹಿರಿಯರ ಪಂಚಾಯಿತಿಗೆ ಇಲ್ಲಿ ಎಡೆಯಿಲ್ಲ.

ಆದರೆ ಕಾನೂನಿನ ಅಧಿಕಾರಿಯು ಬರುವುದು ಯಾರಾದರೂ ಬಾಯಿಬಿಟ್ಟ ಮೇಲೆ. ಬಾಯಿಬಿಡಲು ಮಗುವಿಗೆ ಮೊದಲು ಒಂದು ಕಿವಿ ಬೇಕು. ಭಕ್ತರ ಮನೆಗಳಲ್ಲಿ ತೊಡಕಾಗುವುದು ಇಲ್ಲಿಯೇ. ರಜೆಗೆ ಬಂದ ಮಗು ಮರಳಿ ಹೋಗೆನೆಂದು ಅತ್ತರೆ, ಓದಿನ ಸೋಮಾರಿತನವೆಂದು ಗದರಿಸುತ್ತೇವೆ. ನಿಲಯದ ಹಿರಿಯರ ಹೆಸರೆತ್ತಿದರೆ, ದೊಡ್ಡವರ ಬಗ್ಗೆ ಹಾಗೆನ್ನಬಾರದೆಂದು ಬಾಯಿ ಮುಚ್ಚಿಸುತ್ತೇವೆ. ಐರ್ಲೆಂಡಿನ ಶ್ರದ್ಧಾವಂತ ಜನರೂ ತಲೆಬಾಗಿದ್ದು ಹೀಗೆಯೇ. ಕಾವಿಗೆ ನಮಸ್ಕರಿಸುವುದು ಬೇರೆ, ಮಗುವಿನ ಮಾತನ್ನು ತಳ್ಳಿಹಾಕುವುದು ಬೇರೆ. ಅನುಭವ ಮಂಟಪದಲ್ಲಿ ಅತಿ ಕಿರಿಯರೆನಿಸಿದವರಿಗೂ ಪ್ರಶ್ನಿಸುವ ಅವಕಾಶವಿತ್ತೆಂದು ಅಭಿಮಾನದಿಂದ ಹೇಳಿಕೊಳ್ಳುವ ನಾವು, ನಮ್ಮ ನಿಲಯದ ಮಗುವಿಗೆ ಆ ಅವಕಾಶವನ್ನು ಕೊಟ್ಟಿದ್ದೇವೆಯೆ?

ಆದುದರಿಂದ ನಿಲಯಗಳನ್ನು ನಡೆಸುವ ಮಠಮಾನ್ಯಗಳಲ್ಲಿ ನಮ್ಮ ಅರಿಕೆಯಿದು. ಹೊರಗಿನ ವೈದ್ಯರು ಮತ್ತು ನಿವೃತ್ತ ಶಿಕ್ಷಕಿಯರ ತಂಡವು ಹೇಳದೆ ಬಂದು, ಮಕ್ಕಳೊಡನೆ ಏಕಾಂತದಲ್ಲಿ ಮಾತನಾಡುವ ವ್ಯವಸ್ಥೆಯನ್ನು ತಾವಾಗಿಯೇ ಮಾಡಲಿ. ಶುದ್ಧವಾದ ದಾಸೋಹಕ್ಕೆ ಪರೀಕ್ಷೆಯ ಭಯವಿಲ್ಲ. ಮಕ್ಕಳ ಸಹಾಯವಾಣಿ 1098ರ ಸಂಖ್ಯೆಯು ಪ್ರಸಾದದ ಸಾಲಿನಲ್ಲಿ ಎಲ್ಲರಿಗೂ ಕಾಣುವಂತೆ ಗೋಡೆಯ ಮೇಲಿರಲಿ. ಹೆತ್ತವರು ಮಗುವನ್ನು ಕಾಣಲು ಹೋದಾಗ ಅಂಕಪಟ್ಟಿಯನ್ನು ಕೇಳುವ ಮೊದಲು, ‘ರಾತ್ರಿ ಹೆದರಿಕೆಯಿಲ್ಲದೆ ಮಲಗುತ್ತೀಯಾ ಮಗೂ?’ ಎಂದು ಕೇಳಲಿ. ಕೇಳಿದ ಮೇಲೆ, ಉತ್ತರ ಬರುವವರೆಗೆ ಅವಸರಪಡದೆ ಬಳಿಯಲ್ಲಿ ಕುಳಿತಿರಲಿ.