ಬಿಎಚ್‌ಸಿ ಮಣ್ಣಿಗೆ ಇದ್ದಿಲು, ಬ್ಯಾಕ್ಟೀರಿಯಾ

ಬಿಎಚ್‌ಸಿ ಎಂಬ ಕೀಟನಾಶಕ ಪುಡಿಯ ಘಾಟು ಹಳೆಯ ತಲೆಮಾರಿನ ರೈತರಿಗೆ ಗೊತ್ತು. ಗೆದ್ದಲಿಗೂ ಅದೇ, ಬೆಳೆಯ ಹುಳಕ್ಕೂ ಅದೇ. 1997ರಲ್ಲಿ ಭಾರತ ಅದನ್ನು ನಿಷೇಧಿಸಿತು. ಅಂಗಡಿಯಿಂದ ಅದು ಮರೆಯಾಯಿತು, ಮಣ್ಣಿಗೆ ಬಿದ್ದದ್ದು ಮಾತ್ರ ಅಷ್ಟು ಸುಲಭಕ್ಕೆ ಹೋಗುವಂಥದ್ದಲ್ಲ.

ಆ ಪುಡಿಯಲ್ಲಿ ಕೀಟ ಕೊಲ್ಲುವ ಅಂಶ ಲಿಂಡೇನ್. ಅದರ ಪಾಲು ನೂರಕ್ಕೆ ಸುಮಾರು 10ರಿಂದ 15 ಅಷ್ಟೆ. ಉಳಿದದ್ದು ಅದೇ ಪರಮಾಣುಗಳಿಂದಾದ, ಜೋಡಣೆ ಮಾತ್ರ ಬೇರೆಯಾದ ಐಸೋಮರ್‌ಗಳು. ಶುದ್ಧ ಲಿಂಡೇನ್ ಬೇಕೆಂದರೆ ಇವನ್ನೆಲ್ಲ ಬೇರ್ಪಡಿಸಿ ಎಸೆಯಬೇಕು. ಒಂದು ಟನ್ ಲಿಂಡೇನ್‌ಗೆ 8ರಿಂದ 12 ಟನ್ ಕಸ! ಲಖನೌ ಬಳಿಯ ಚಿನ್ಹಟ್‌ನಲ್ಲಿ ಮಣ್ಣು ಕೆಟ್ಟದ್ದು ಇಂಥ ಕಸದಿಂದಲೇ.

ಈ ವಿಷವನ್ನೇ ಉಂಡು ಬದುಕುವ ಬ್ಯಾಕ್ಟೀರಿಯಾ ಸಿಕ್ಕಿದ್ದು ಕಬ್ಬಿನ ಬೇರಿನ ಸುತ್ತಲ ಮಣ್ಣಿನಲ್ಲಿ. ಹೆಸರು ಸ್ಫಿಂಗೋಬಿಯಂ ಇಂಡಿಕಂ. ಅದರ ಲಿನ್‌ಎ ಎಂಬ ಕಿಣ್ವ ವಿಷದ ಅಣುವಿನಿಂದ ಹೈಡ್ರೋಜನ್, ಕ್ಲೋರಿನ್ ಎರಡನ್ನೂ ಕಳಚುತ್ತದೆ. ಲಿನ್‌ಬಿ ಎಂಬುದು ಕ್ಲೋರಿನ್ ಕಿತ್ತು ಆ ಜಾಗದಲ್ಲಿ ಹೈಡ್ರಾಕ್ಸಿಲ್ ಕೂರಿಸುತ್ತದೆ. ಮಹಾ ಹಠಮಾರಿಯಾದ ಬೀಟಾ ಐಸೋಮರ್ ಕೂಡ ಲಿನ್‌ಬಿಗೆ ನಿಧಾನವಾಗಿ ಮಣಿಯುತ್ತದೆ. ದೆಹಲಿ ವಿಶ್ವವಿದ್ಯಾಲಯದ ರೂಪ್ ಲಾಲ್ ಅವರ ತಂಡ ಈ ಬ್ಯಾಕ್ಟೀರಿಯಾವನ್ನು ಮೆಕ್ಕೆಜೋಳದ ದಿಂಡಿನ ಪುಡಿಯಲ್ಲಿ ನೆಲೆಗೊಳಿಸಿ ಮಣ್ಣಿಗೆ ಬೆರೆಸಿತು. ವಿಷ ಇಳಿಯಿತು.

ಅದೇ ದಿಂಡನ್ನು ಗಾಳಿಯಾಡದಂತೆ ಸುಟ್ಟರೆ ಬಯೋಚಾರ್ ಆಗುತ್ತದೆ. ಜೇನುಗೂಡಿನಂತೆ ತುಂಬ ರಂಧ್ರಗಳಿರುವ ಈ ಇದ್ದಿಲು ಬ್ಯಾಕ್ಟೀರಿಯಾಗಳಿಗೆ ಆಸರೆ, ತೇವಕ್ಕೆ ನೆಲೆ. ಆ ಮಣ್ಣಿನಲ್ಲಿ ಬೆಳೆಯುವ ಗಿಡದ ಪಾಲೂ ದೊಡ್ಡದೇ: ಬೇರು ಒಸರುವ ಸಕ್ಕರೆ, ಆಮ್ಲಗಳನ್ನು ಉಂಡು ಬ್ಯಾಕ್ಟೀರಿಯಾ ಹೆಚ್ಚುತ್ತವೆ. ಇದ್ದಿಲು ವಿಷವನ್ನು ಹಿಡಿದಿಟ್ಟುಕೊಳ್ಳುವುದರಿಂದ ಎಳೆಯ ಬೇರಿಗೆ ತಗಲುವ ಪೆಟ್ಟೂ ಕಡಿಮೆ.

ತೊಡಕಿರುವುದೂ ಇಲ್ಲೇ. ಇದ್ದಿಲು ಅತಿಯಾದರೆ ಅಥವಾ ಅದರ ಹಿಡಿತ ಬಿಗಿಯಾದರೆ ವಿಷ ಬ್ಯಾಕ್ಟೀರಿಯಾದ ಕೈಗೂ ಸಿಗದು. ಆಗ ಬೆಳೆಗೆ ವಿಷ ಏರುವುದು ತಗ್ಗುತ್ತದೆ ನಿಜ, ಆದರೆ ಅದು ನೆಲದಲ್ಲೇ ಕುಳಿತಿರುತ್ತದೆ. ಇದನ್ನು ಶುದ್ಧೀಕರಣ ಎನ್ನಲಾಗದು. ಬಯೋಚಾರ್ ಎರಚಿದರೆ ಸಾಕು, ಮಣ್ಣು ಸರಿಹೋಗುತ್ತದೆ ಎಂದು ಮಾರುವವರ ಮಾತು ನಂಬುವ ಮುನ್ನ ಮಣ್ಣನ್ನು ಪರೀಕ್ಷೆಗೆ ಕೊಡಬೇಕು. ಸರಿಯಾಗಿ ಸುಡದ ಇದ್ದಿಲಿನಲ್ಲಿ ಕ್ಯಾನ್ಸರ್‌ಕಾರಕ ಟಾರಿನ ಅಂಶಗಳೂ ಉಳಿದಿರಬಹುದು.

ಮಣ್ಣಿನ ವಿಷ ತೆಗೆಯಲು ಗಿಡಗಳನ್ನೇ ಬಳಸುವ ದಾರಿಯೂ ಇದೆ. ಜುಕಿನಿಯಂಥ ಕುಂಬಳ ಜಾತಿಯ ಕೆಲವು ಬಳ್ಳಿಗಳು ಡಿಡಿಟಿ ಎಂಬ ಇನ್ನೊಂದು ಕೀಟನಾಶಕದ ಬಳಗದ ವಿಷವನ್ನು ಬೇರಿನಿಂದ ಹೀರಿ ಮೇಲಕ್ಕೇರಿಸುತ್ತವೆ. ಮಣ್ಣು ತೊಳೆಯಲೆಂದು ಬೆಳೆದ ಇಂಥ ಗಿಡಗಳನ್ನು ದಯವಿಟ್ಟು ದನಕ್ಕೆ ಹಾಕಬೇಡಿ, ತಿಪ್ಪೆಗೂ ಸೇರಿಸಬೇಡಿ.